ಅಕ್ಕನಿಗೆ ವಿಟಮಿನ್ ಎ ಕ್ಯಾಪ್ಸೂಲ್ ಕೊಡಬಹುದಾ?

ಹಾಸನದ ತಂಗಿ:
ನಮ್ಮಕ್ಕನಿಗೆ 46 ವರ್ಷ. ಹೋದ ಶ್ರಾವಣದಲ್ಲಿ ಎಡ ಸ್ತನದ ಆಪರೇಷನ್ ಆಯಿತು. ಕೀಮೋ ಮುಗಿದು ಈಗ ಹಾರ್ಮೋನ್ ತಡೆಯುವ ಟಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಕೃತಕ ವಿಟಮಿನ್ ಎ ಕೊಟ್ಟರೆ ಕ್ಯಾನ್ಸರ್ ಹರಡುವುದಿಲ್ಲ ಅಂತ ಭಾವ ಎಲ್ಲೋ ಓದಿದ್ದಾರೆ. ಮೆಡಿಕಲ್‌ನಿಂದ 25,000 ಯೂನಿಟ್ಟಿನ ಕ್ಯಾಪ್ಸೂಲ್ ತಂದೂ ಇಟ್ಟಿದ್ದಾರೆ. ಅಕ್ಕ ಸ್ಟ್ರಿಪ್ ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಾಳೆ. ಏನು ಹೇಳಲಿ?

ಲ್ಯಾಬಿನವಳು:
ತಂಗಿ, ಬೇಡ ಅಂತ ಹೇಳಿ. ಆರು ವರ್ಷ ಸ್ತನ ಕ್ಯಾನ್ಸರ್ ಜೀವಕೋಶಗಳನ್ನು ಸಾಕಿದವಳು ನಾನು. ಭಾವ ಓದಿದ್ದು ಸುಳ್ಳಲ್ಲ. ಆದರೆ ಅದು ನಡೆದದ್ದು ಪುಟ್ಟ ಪ್ಲಾಸ್ಟಿಕ್ ಬಟ್ಟಲಲ್ಲಿ.

ಬಟ್ಟಲಿನ ತಳದಲ್ಲಿ ಒಂದು ತೆಳು ಪೊರೆ, ಅದರ ತುಂಬ 8 ಮೈಕ್ರಾನಿನ ತೂತುಗಳು. ಮೇಲೆ ಮ್ಯಾಟ್ರಿಜೆಲ್ ಸವರುತ್ತೇವೆ, ಅಂದರೆ ಕ್ಯಾನ್ಸರ್ ಹರಡುವಾಗ ಕೊರೆಯಬೇಕಾದ ದೇಹದೊಳಗಿನ ಪದರವನ್ನು ಹೋಲುವ ಜೆಲ್. ಐಸ್ ಮೇಲಿದ್ದಾಗ ಹರಿಯುತ್ತದೆ, ಬೆಚ್ಚಗಾದರೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಜೀವಕೋಶ, ಕೆಳಗೆ ಅವುಗಳ ಆಹಾರ. ಮಾರನೇ ದಿನ ಮೇಲ್ಭಾಗವನ್ನು ಹತ್ತಿಕಡ್ಡಿಯಲ್ಲಿ ಒರೆಸಿ, ಕೊರೆದುಕೊಂಡು ಕೆಳಗಿಳಿದವಕ್ಕೆ ನೇರಳೆ ಬಣ್ಣ ಹಾಕಿ ಎಣಿಸುತ್ತೇವೆ. ರೆಟಿನಾಯ್ಡ್, ಅಂದರೆ ವಿಟಮಿನ್ ಎ ಜಾತಿಯ ರಾಸಾಯನಿಕ, ಹಾಕಿದ ಬಟ್ಟಲಲ್ಲಿ ನೇರಳೆ ಚುಕ್ಕೆ ಕಡಿಮೆ. ದಾರಿ ಕರಗಿಸುವ ಕಿಣ್ವಗಳನ್ನೇ ಅದು ತಗ್ಗಿಸುತ್ತದೆ. ಮೊದಲ ಸಲ ನೋಡಿದಾಗ ಎಷ್ಟು ಖುಷಿಯಾಗಿತ್ತು! ಆದರೆ ಎಲ್ಲವೂ ಬಗ್ಗುವುದಿಲ್ಲ. ಲ್ಯಾಬಿನಲ್ಲಿ ಸಾಕುವ ಜೀವಕೋಶಗಳಲ್ಲಿ ಹಲವು ತಳಿಗಳಿವೆ. ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಕ ಇರುವ ಎಂಸಿಎಫ್-7 ತಳಿ ಬಗ್ಗುತ್ತದೆ, ಅದಿಲ್ಲದ ಎಂಡಿಎ-ಎಂಬಿ-231 ತಳಿ ಬಲು ಹಠದ್ದು.

ಮನುಷ್ಯರಲ್ಲೂ ನೋಡಿದ್ದಾರೆ. ಇಟಲಿಯ ಮಿಲಾನ್‌ನಲ್ಲಿ ಕ್ಯಾನ್ಸರ್ ಶಸ್ತ್ರವೈದ್ಯ ಉಂಬರ್ಟೊ ವೆರೋನೆಸಿ ಅವರ ತಂಡ 1987ರಿಂದ ಸುಮಾರು 2,970 ಮಹಿಳೆಯರನ್ನು ಸೇರಿಸಿಕೊಂಡಿತು. ಎಲ್ಲರೂ ಒಂದು ಸ್ತನದ ಆಪರೇಷನ್ ಆದವರು. ಅರ್ಧ ಜನಕ್ಕೆ ದಿನಕ್ಕೆ 200 ಮಿಲಿಗ್ರಾಂ ಫೆನ್ರೆಟಿನೈಡ್ ಎಂಬ ಕೃತಕ ರೆಟಿನಾಯ್ಡ್, ಐದು ವರ್ಷ. 1999ರ ಫಲಿತಾಂಶದಲ್ಲಿ ಒಟ್ಟಾರೆ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. ಮುಟ್ಟು ನಿಲ್ಲದವರಲ್ಲಿ ಮಾತ್ರ ಇನ್ನೊಂದು ಸ್ತನದ ಕ್ಯಾನ್ಸರ್ ಕಡಿಮೆ ಇತ್ತು. ನಿಂತವರಲ್ಲಿ ಆ ಲಾಭ ಇರಲಿಲ್ಲ.

ಇನ್ನೊಂದು ಮಾತು. ಫೆನ್ರೆಟಿನೈಡ್ ರಕ್ತದಲ್ಲಿರುವ ನಿಜವಾದ ವಿಟಮಿನ್ ಎ ಅನ್ನು ಇಳಿಸುತ್ತದೆ. ಇರುಳಲ್ಲಿ ಕಣ್ಣು ಮಂಜಾಗಬಾರದು ಅಂತ ಅವರಿಗೆ ತಿಂಗಳಿಗೆ ಮೂರು ದಿನ ಮಾತ್ರೆ ನಿಲ್ಲಿಸುತ್ತಿದ್ದರು. ಅದೇ ಬೇರೆ, ಭಾವ ತಂದದ್ದೇ ಬೇರೆ, ಅಲ್ವಾ?

ಹಾಸನದ ತಂಗಿ:
ಹಾಗಾದರೆ ಆ ಫೆನ್ರೆಟಿನೈಡ್ ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಲಾ?

ಲ್ಯಾಬಿನವಳು:
ಅದು ಅಂಗಡಿಯಲ್ಲಿ ಸಿಗುವ ಔಷಧವಲ್ಲಮ್ಮ. ಸ್ತನ ಕ್ಯಾನ್ಸರಿಗೆ ಮಂಜೂರಾಗಿಲ್ಲ. ಅಕ್ಕನ ಟಮಾಕ್ಸಿಫೆನ್ ಒಂದು ದಿನವೂ ತಪ್ಪದ ಹಾಗೆ ನೋಡಿಕೊಳ್ಳಿ. ಅದರ ಹಿಂದೆ ದಶಕಗಳ ಪುರಾವೆ ಇದೆ.

ಮೆಡಿಕಲ್ ಅಂಗಡಿಯವನು:
ಮೇಡಂ ಹೇಳಿದ್ದು ಸರಿ. ವಿಟಮಿನ್ ಎ ಜಾಸ್ತಿಯಾದರೆ ಮೂತ್ರದಲ್ಲಿ ಹೋಗುವುದಿಲ್ಲ, ಲಿವರ್‌ನಲ್ಲಿ ಕೂತುಬಿಡುತ್ತದೆ. ಅಮೆರಿಕದಲ್ಲಿ ಸಿಗರೇಟ್ ಸೇದುವವರಿಗೆ ದಿನಾ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಜೊತೆ ಇದೇ 25,000 ಯೂನಿಟ್ ಕೊಟ್ಟು ನೋಡಿದ್ದರು. ಶ್ವಾಸಕೋಶದ ಕ್ಯಾನ್ಸರ್ 28% ಹೆಚ್ಚು ಕಂಡು, 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಬಿಲ್ ಇದ್ದರೆ ಸ್ಟ್ರಿಪ್ ವಾಪಸ್ ಕೊಡಿ. ಈಗಾಗಲೇ ಎರಡು ಮೂರು ನುಂಗಿದ್ದರೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಹಾಸನದ ತಂಗಿ:
ಒಂದೂ ನುಂಗಿಲ್ಲ. ಭಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಕ್ಕ ಕೇಳುತ್ತಿದ್ದಾಳೆ, ನುಗ್ಗೆಸೊಪ್ಪಿನ ಪಲ್ಯ ತಿನ್ನಬಹುದಾ ಅಂತ.

ಲ್ಯಾಬಿನವಳು:
ಧಾರಾಳವಾಗಿ ತಿನ್ನಲಿ. ಸೊಪ್ಪಿನಿಂದ ದೇಹ ತನಗೆ ಬೇಕಾದಷ್ಟನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ.