ಚೀಲ ಎತ್ತಿದರೆ ಉಚ್ಚೆ ಸೋರುತ್ತೆ, ನೀರು ಕುಡಿಯೋದು ಬಿಟ್ಟರೆ ಸರಿಹೋಗುತ್ತಾ?

ಆಶಾ ಕಾರ್ಯಕರ್ತೆ, ಮೂಡಿಗೆರೆ:
ಕಾಫಿ ಕೊಯ್ಲು ಶುರುವಾಗಿದೆ. 45 ದಾಟಿದ ಕೆಲವು ಹೆಂಗಸರಿಗೆ ಹಣ್ಣಿನ ಚೀಲ ಎತ್ತಿದಾಗ, ಕೆಮ್ಮಿದಾಗ ಸೀರೆ ಒದ್ದೆಯಾಗುತ್ತೆ. ಇನ್ನು ಕೆಲವರಿಗೆ ನಲ್ಲಿ ಸದ್ದು ಕೇಳಿದರೂ ತಡೆಯೋಕಾಗಲ್ಲ. ತೋಟದಲ್ಲಿ ಮರೆ ಸಿಗಲ್ಲ ಅಂತ ಬೆಳಗ್ಗೆಯಿಂದ ನೀರೇ ಮುಟ್ಟಲ್ಲ. ಏನು ಹೇಳಲಿ?

ಫಿಸಿಯೋ, ಹಾಸನ:
ಅವೆರಡೂ ಬೇರೆ ತೊಂದರೆ, ಅಕ್ಕ. ಎತ್ತಿದಾಗ, ಕೆಮ್ಮಿದಾಗ ಸೋರುವುದು ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯು ಸಡಿಲವಾಗಿ. ಹೆರಿಗೆ, ಹಳೇ ಕೆಮ್ಮು, ಮಲಬದ್ಧತೆ, ಮೈಭಾರ ಎಲ್ಲದರ ಪಾಲೂ ಇರುತ್ತೆ. ಇದಕ್ಕೆ ವ್ಯಾಯಾಮವೇ ಮೊದಲ ಮದ್ದು. ಮಂಡಿ ಮಡಚಿ ಅಂಗಾತ ಮಲಗಿ, ಹೂಸು ತಡೆಯುವ ಹಾಗೆ ಬಿಗಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು. 5 ಎಣಿಸಿ ಬಿಡಬೇಕು. ಮತ್ತೆ 5 ಎಣಿಸುವಷ್ಟು ಪೂರ್ತಿ ಸಡಿಲ. ಒಂದು ಸರ್ತಿಗೆ 8, ದಿನಕ್ಕೆ 3 ಸರ್ತಿ, ಕನಿಷ್ಠ 3 ತಿಂಗಳು. ಕೆಡುವುದು ಎಲ್ಲಿ ಅಂದರೆ, ಉಸಿರು ಕಟ್ಟಿ, ಕುಂಡಿ-ತೊಡೆ ಬಿಗಿದು, ತಿಣುಕಿ ಕೆಳಕ್ಕೆ ತಳ್ಳುತ್ತಾರೆ. ಅದರಿಂದ ಇರುವ ಬಿಗಿಯೂ ಹೋಗುತ್ತೆ. ಹೊಟ್ಟೆ ಮೇಲೆ ಕೈಯಿಟ್ಟು ನೋಡಲಿ, ಉಬ್ಬಬಾರದು. ಉಚ್ಚೆ ಹೊಯ್ಯುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಚೀಲಕ್ಕೆ ಕೈ ಹಾಕುವ ಮೊದಲೇ ಬಿಗಿದುಕೊಂಡು, ಉಸಿರು ಬಿಡುತ್ತಾ ಎತ್ತಲಿ.

ಸ್ಟಾಫ್ ನರ್ಸ್, ಸಕಲೇಶಪುರ:
ನೀರು ಮಾತ್ರ ಬಿಡಿಸಬೇಡಿ. ಉಚ್ಚೆ ಕಡುಹಳದಿಗೆ ತಿರುಗಿದಷ್ಟೂ ಮೂತ್ರಕೋಶ ಕೆರಳುತ್ತೆ, ಮಲವೂ ಗಟ್ಟಿ. ದಿನಕ್ಕೆ ಒಂದೂವರೆಯಿಂದ 2 ಲೀಟರ್, ಬಿಸಿಲಿದ್ದರೆ ಇನ್ನಷ್ಟು, ಗುಟುಕು ಗುಟುಕಾಗಿ. ಕಡಿಮೆ ಮಾಡಬೇಕಾದ್ದು ಕಾಫಿ, ಟೀ (ಈ ಊರಲ್ಲಿ ಹೇಳೋಕೂ ಧೈರ್ಯ ಬೇಕು!). ಜೀರಿಗೆ-ಕೊತ್ತಂಬರಿ ಕಷಾಯ ಕುಡಿಯಲಿ.

ನಲ್ಲಿ ಸದ್ದಿಗೆ ಅವಸರವಾಗುವವರು 3 ದಿನ ಎಷ್ಟು ಹೊತ್ತಿಗೊಮ್ಮೆ ಹೋಗುತ್ತಾರೆ ಅಂತ ಬರೆದಿಡಲಿ. ಗಂಟೆಗೊಮ್ಮೆ ಆದರೆ ಒಂದೂಕಾಲು ಗಂಟೆಗೆ ಒಗ್ಗಿಸಿ, ಆಮೇಲೆ ವಾರಕ್ಕೆ 15 ನಿಮಿಷ ಏರಿಸಿ. ಅವಸರ ಬಂದಾಗ ಓಡಿದರೆ ದಾರೀಲೇ ಹೋಗುತ್ತೆ. ನಿಂತಲ್ಲೇ 5-6 ಸಲ ಬಿಗಿದು ಬಿಟ್ಟು, ಇಳಿದ ಮೇಲೆ ನಡೆಯಲಿ. 6 ವಾರವಾದರೂ ಬೇಕು.

ಫಿಸಿಯೋ, ಹಾಸನ:
ಬಿ.ಪಿ.ಗೆ ನೀರಿಳಿಸುವ ಮಾತ್ರೆ ಇದೆಯಾ ಕೇಳಿ. ಇದ್ದರೆ ತಾವೇ ನಿಲ್ಲಿಸದೆ, ಹೊತ್ತು ಬದಲಿಸಬಹುದಾ ಅಂತ ವೈದ್ಯರನ್ನು ಕೇಳಲಿ.

ಸ್ಟಾಫ್ ನರ್ಸ್, ಸಕಲೇಶಪುರ:
ಹೌದು. ಮೂತ್ರ ಪರೀಕ್ಷೆ, ಶುಗರ್ ಎಲ್ಲರಿಗೂ ಮಾಡಿಸಿ. ಮುಟ್ಟು ನಿಂತ ಮೇಲೆ ಒಣಗಿ ಉರಿಯುವವರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಉಚ್ಚೆಯಲ್ಲಿ ರಕ್ತ, ಜ್ವರ, ಕೆಳಗೆ ಗಡ್ಡೆ ಜಾರಿದಂತೆ ಅನಿಸುವುದು ಇದ್ದರೆ ವ್ಯಾಯಾಮ ಅಂತ ಕಾಯದೆ ಸ್ತ್ರೀರೋಗ ವಿಭಾಗಕ್ಕೆ ಕಳಿಸಿ. ತೊಡೆಸಂದಿ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಆಶಾ ಕಾರ್ಯಕರ್ತೆ, ಮೂಡಿಗೆರೆ:
ಅಲ್ಲಿಯವರೆಗೆ ಮುಟ್ಟಿನ ಪ್ಯಾಡ್ ಸಾಕಾ?

ಸ್ಟಾಫ್ ನರ್ಸ್, ಸಕಲೇಶಪುರ:
ಉಚ್ಚೆ ಒಮ್ಮೆಲೇ ಬರುತ್ತೆ, ಮುಟ್ಟಿನ ಪ್ಯಾಡ್ ಅಷ್ಟು ಬೇಗ ಹೀರಲ್ಲ. ಅಂಚಲ್ಲಿ ಸೋರಿ ತೊಡೆ ಕೆರೆಯುತ್ತೆ. ಮೂತ್ರಕ್ಕೇ ಅಂತ ಬರುವ ಪ್ಯಾಡ್ ಕೇಳಿ ತರಿಸಿ, ಒದ್ದೆಯಾದ ಕೂಡಲೇ ಬದಲಿಸಲಿ.