ಬೈಬಲ್ಲಿನ ವಿಷಸರ್ಪ: ಸೈತಾನನ ಗುರುತೋ, ರಕ್ಷಣೆಯ ಗುರುತೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಯೇಸು ನಿಕೊದೇಮನೊಂದಿಗೆ ಮಾತನಾಡುತ್ತ, ಮೋಶೆಯು ಅರಣ್ಯದಲ್ಲಿ ಸರ್ಪವನ್ನು ಎತ್ತಿ ನಿಲ್ಲಿಸಿದ ಹಾಗೆಯೇ ಮನುಷ್ಯಕುಮಾರನೂ (ಅಂದರೆ ತಾವೂ) ಎತ್ತಲ್ಪಡಬೇಕು ಎಂದು ಹೇಳುತ್ತಾರೆ. ಈ ವಾಕ್ಯವನ್ನು ಎಷ್ಟೋ ಸಲ ಓದಿದ್ದರೂ ಅದರಲ್ಲಿರುವ ಹೋಲಿಕೆ ಈಚೆಗೆ ನನ್ನನ್ನು ಕಾಡತೊಡಗಿದೆ. ಏದೆನ್ ತೋಟದಲ್ಲಿ ಹವ್ವಳನ್ನು ವಂಚಿಸಿದ್ದು ಸರ್ಪ. ಬೈಬಲ್ಲಿನ ಕೊನೆಯ ಗ್ರಂಥವಾದ ಪ್ರಕಟನೆಯಲ್ಲಿ ಸೈತಾನನನ್ನು ಕರೆಯುವುದೇ ‘ಪುರಾತನ ಸರ್ಪ’ವೆಂದು. ಸ್ನಾನಿಕನಾದ ಯೋಹಾನನು ಯೆಹೂದ್ಯರ ಧಾರ್ಮಿಕ ಪಂಗಡಗಳಾದ ಫರಿಸಾಯರನ್ನೂ ಸದ್ದುಕಾಯರನ್ನೂ ‘ಸರ್ಪಜಾತಿಯವರೇ’ ಎಂದು ಗದರಿಸುತ್ತಾನೆ. ಇಷ್ಟೆಲ್ಲ ಕೆಟ್ಟ ಹೆಸರು ಹೊತ್ತ ಪ್ರಾಣಿಯ ಆಕೃತಿಗೆ ಯೇಸು ತಮ್ಮ ಶಿಲುಬೆಯನ್ನು ಹೋಲಿಸಿಕೊಳ್ಳುವುದು ಹೇಗೆ ಸಾಧ್ಯ? ವಿಷಸರ್ಪಕ್ಕೆ ಬೈಬಲ್ಲಿನಲ್ಲಿ ಒಂದೇ ಅರ್ಥವಿದೆಯೇ, ಅಥವಾ ನಾವು ಬೇರೆ ಬೇರೆ ಅರ್ಥಗಳನ್ನು ಒಂದೇ ಗಂಟಿಗೆ ಕಟ್ಟುತ್ತಿದ್ದೇವೆಯೇ? ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ 1

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ. ಅದು ಕೇವಲ ಆರು ವಚನಗಳ ಪ್ರಸಂಗವಾದ್ದರಿಂದ ಬಹಳ ಮಂದಿ ಅದನ್ನು ಅವಸರದಲ್ಲಿ ಓದಿ ಮುಗಿಸುತ್ತಾರೆ. ನಿಧಾನವಾಗಿ ಓದಿದರೆ ಮಾತ್ರ ಅದರ ಬಿಗಿ ಕಾಣುತ್ತದೆ. ಎದೋಮ್ಯರ ದೇಶವನ್ನು ಸುತ್ತಿಕೊಂಡು ಹೋಗಬೇಕಾಗಿ ಬಂದ ಇಸ್ರಾಯೇಲ್ಯರು ದಾರಿಯಲ್ಲಿ ಬೇಸತ್ತು, ಇಲ್ಲಿ ರೊಟ್ಟಿಯಿಲ್ಲ, ನೀರಿಲ್ಲ, ಈ ನಿಸ್ಸಾರವಾದ ಆಹಾರ ನಮಗೆ ಸಾಕಾಗಿ ಹೋಗಿದೆ ಎಂದು ದೇವರಿಗೂ ಮೋಶೆಗೂ ವಿರೋಧವಾಗಿ ಮಾತನಾಡಿದರು. ಅವರ ಅಪರಾಧ ಕಳ್ಳತನವಲ್ಲ, ಕೊಲೆಯಲ್ಲ, ವಿಗ್ರಹಾರಾಧನೆಯೂ ಅಲ್ಲ. ಅದು ಬಾಯಿಯಿಂದ ನಡೆದ ಅಪರಾಧ. ಅದಕ್ಕೆ ಬಂದ ಶಿಕ್ಷೆಯೂ ಬಾಯಿಂದಲೇ ಕೊಲ್ಲುವ ಪ್ರಾಣಿಯ ರೂಪದಲ್ಲಿ ಬಂತು. ಜನರು ತಪ್ಪೊಪ್ಪಿಕೊಂಡಾಗಲೂ ‘ನಾವು ವಿರೋಧವಾಗಿ ಮಾತನಾಡಿದೆವು’ ಎಂದೇ ಒಪ್ಪಿಕೊಂಡರು.

ಮುಂದಿನದು ಇನ್ನೂ ಗಮನಾರ್ಹ. ಹಾವುಗಳು ತೊಲಗುವಂತೆ ಪ್ರಾರ್ಥಿಸು ಎಂದು ಜನರು ಮೋಶೆಯನ್ನು ಬೇಡಿಕೊಂಡರು. ದೇವರು ಹಾವುಗಳನ್ನು ತೊಲಗಿಸಿದನೆಂದು ಆ ಅಧ್ಯಾಯದಲ್ಲಿ ಎಲ್ಲಿಯೂ ಬರೆದಿಲ್ಲ. ಹಾವುಗಳು ಅಲ್ಲಿಯೇ ಇದ್ದವು, ಕಚ್ಚುತ್ತಲೇ ಇದ್ದವು. ಮೋಶೆಯು ದೇವರ ಅಪ್ಪಣೆಯಂತೆ ತಾಮ್ರದ ಸರ್ಪವೊಂದನ್ನು ಮಾಡಿಸಿ ಕಂಬದ ಮೇಲೆ ನಿಲ್ಲಿಸಿದನು. ಕಚ್ಚಿಸಿಕೊಂಡವನು ಅದನ್ನು ದೃಷ್ಟಿಸಿ ನೋಡಿದರೆ ಬದುಕುತ್ತಿದ್ದನು, ಅಷ್ಟೆ. ತಮ್ಮನ್ನು ಕೊಲ್ಲುತ್ತಿದ್ದುದರ ಆಕೃತಿಯನ್ನೇ, ಅಂದರೆ ತಮ್ಮ ಪಾಪದ ಫಲವನ್ನೇ, ಅವರು ತಲೆಯೆತ್ತಿ ನೋಡಬೇಕಾಗಿತ್ತು. ಯೇಸು ತಮ್ಮನ್ನು ಹೋಲಿಸಿಕೊಂಡದ್ದು ಜೀವಂತ ಹಾವಿಗಲ್ಲ, ಈ ತಾಮ್ರದ ಆಕೃತಿಗೆ. ಹಾವಿನ ರೂಪವಿದ್ದರೂ ಅದರಲ್ಲಿ ವಿಷವಿರಲಿಲ್ಲ. ಶಿಲುಬೆಯೂ ಹಾಗೆಯೇ: ನೋಡುವವರ ಕಣ್ಣಿಗೆ ಅದು ಶಾಪಗ್ರಸ್ತನೊಬ್ಬನ ಮರಣದಂತೆ ಕಾಣುತ್ತದೆ, ಆದರೆ ಅಲ್ಲಿ ತೂಗುತ್ತಿರುವವನಲ್ಲಿ ಪಾಪವಿಲ್ಲ ಎಂಬುದೇ ಕ್ರೈಸ್ತ ವಿಶ್ವಾಸದ ತಿರುಳು.

ಆ ಲೋಹಕ್ಕೆ ಸ್ವಂತ ಶಕ್ತಿಯಿರಲಿಲ್ಲ ಎಂಬ ಎಚ್ಚರವನ್ನು ಪರಂಪರೆ ಮೊದಲಿನಿಂದಲೂ ಉಳಿಸಿಕೊಂಡಿದೆ. ಸೊಲೊಮೋನನ ಜ್ಞಾನಗ್ರಂಥದ 16ನೆಯ ಅಧ್ಯಾಯವು, ನೋಡಿದವನು ಉಳಿದದ್ದು ತಾನು ಕಂಡ ವಸ್ತುವಿನಿಂದಲ್ಲ, ಎಲ್ಲರ ರಕ್ಷಕನಾದ ದೇವರಿಂದ ಎನ್ನುತ್ತದೆ. ಯೆಹೂದ್ಯರ ಮಿಷ್ನಾ ಗ್ರಂಥವೂ, ಸರ್ಪವು ಕೊಲ್ಲುತ್ತದೆಯೇ, ಬದುಕಿಸುತ್ತದೆಯೇ ಎಂದು ಕೇಳಿ, ಜನರು ಮೇಲಕ್ಕೆ ನೋಡಿ ತಮ್ಮ ಹೃದಯವನ್ನು ಪರಲೋಕದ ತಂದೆಗೆ ಒಪ್ಪಿಸಿದಾಗ ಗುಣ ಹೊಂದಿದರು ಎಂದು ಉತ್ತರಿಸುತ್ತದೆ. ಈ ಎಚ್ಚರ ತಪ್ಪಿದಾಗ ಏನಾಯಿತೆಂಬುದು 2 ಅರಸುಗಳು 18:4ರಲ್ಲಿದೆ. ಜನರು ಆ ಸರ್ಪಕ್ಕೆ ಧೂಪ ಹಾಕತೊಡಗಿದ್ದರಿಂದ ರಾಜ ಹಿಜ್ಕೀಯನು ಅದನ್ನು ಒಡೆದು ಚೂರುಚೂರು ಮಾಡಿದನು. ಮೋಶೆಯು ಸ್ವತಃ ಮಾಡಿಸಿದ ವಸ್ತುವೆಂಬ ಗೌರವವೂ ಅದನ್ನು ಉಳಿಸಲಿಲ್ಲ.

ಉತ್ತರ 2

ಮೇಲಿನವರು ಬಾಯಿಯ ಅಪರಾಧದ ಬಗ್ಗೆ ಬರೆದದ್ದನ್ನು ಓದಿ ಸಂತೋಷವಾಯಿತು, ಏಕೆಂದರೆ ಬೈಬಲ್ಲಿನಲ್ಲಿ ‘ವಿಷ’ ಎಂಬ ಮಾತು ಬಂದ ಕಡೆಯಲ್ಲೆಲ್ಲ ಸುತ್ತಮುತ್ತ ನಾಲಿಗೆ, ತುಟಿ, ಸುಳ್ಳು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಬಹುಪಾಲು ಇದ್ದೇ ಇರುತ್ತದೆ. ಕೀರ್ತನೆ 140ರಲ್ಲಿ ದುಷ್ಟರು ತಮ್ಮ ನಾಲಿಗೆಯನ್ನು ಸರ್ಪದ ನಾಲಿಗೆಯಂತೆ ಹರಿತ ಮಾಡಿಕೊಳ್ಳುತ್ತಾರೆ, ಅವರ ತುಟಿಗಳ ಹಿಂದೆ ಹಾವಿನ ವಿಷವಿದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಇದೇ ಸಾಲನ್ನು ತೆಗೆದುಕೊಂಡು ಇಡೀ ಮಾನವಕುಲಕ್ಕೆ ಅನ್ವಯಿಸುತ್ತಾನೆ. ಕೀರ್ತನೆ 58ರಲ್ಲಿ ಅನ್ಯಾಯದ ನ್ಯಾಯಾಧಿಪತಿಗಳು ಕಿವಿ ಮುಚ್ಚಿಕೊಂಡ ನಾಗರಹಾವಿನಂತಿದ್ದಾರೆ. ಎಷ್ಟೇ ಚತುರನಾದ ಹಾವಾಡಿಗನಿಗೂ ಅವರು ಮಣಿಯುವುದಿಲ್ಲ. ಹಾವಿಗೆ ಹೊರಗಿವಿಯೂ ಇಲ್ಲ, ಕಿವಿದಮ್ಮಟೆಯೂ ಇಲ್ಲ, ಅದು ಮುಖ್ಯವಾಗಿ ದವಡೆಯ ಮೂಲಕ ಕಂಪನಗಳನ್ನು ಗ್ರಹಿಸುತ್ತದೆ ಎಂಬುದು ಇಂದು ಎಲ್ಲರಿಗೂ ತಿಳಿದಿದೆ. ಆದರೆ ಕೀರ್ತನಕಾರನ ದೂರು ಕೇಳಿಸದವರ ಮೇಲಲ್ಲ, ಕೇಳಲೊಲ್ಲದವರ ಮೇಲೆ.

ಯೆಶಾಯ 59ನ್ನು ವಿಶೇಷವಾಗಿ ಓದಬೇಕು. ನಿಮ್ಮ ತುಟಿಗಳು ಸುಳ್ಳಾಡಿವೆ, ನಾಲಿಗೆ ಕೆಡುಕನ್ನು ನುಡಿಯುತ್ತದೆ ಎಂದ ಪ್ರವಾದಿ, ಮರುಕ್ಷಣದಲ್ಲೇ ಅವರು ಹಾವಿನ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡುತ್ತಾರೆ, ಆ ಮೊಟ್ಟೆಯನ್ನು ತಿಂದವನು ಸಾಯುತ್ತಾನೆ, ಒಡೆದರೆ ವಿಷದ ಹಾವು ಹೊರಬರುತ್ತದೆ ಎನ್ನುತ್ತಾನೆ. ಮಂಡಲದ ಹಾವುಗಳಲ್ಲಿ ಅನೇಕ ಜಾತಿಗಳು ಮರಿ ಹಾಕುವಂಥವಾದರೂ ಪ್ಯಾಲೆಸ್ಟೈನ್ ಮಂಡಲ ಎಂದು ಕರೆಯುವ, ಆ ನಾಡಿನ ಅತ್ಯಂತ ಅಪಾಯಕಾರಿ ಹಾವುಗಳಲ್ಲೊಂದು ಮೊಟ್ಟೆಯಿಡುತ್ತದೆ. ಸುಳ್ಳು ಹೇಳಿದ ಕ್ಷಣದಲ್ಲಿ ಅದು ನಿರುಪದ್ರವಿಯಂತೆ ಕಾಣುತ್ತದೆ, ಅದರೊಳಗಿನದು ಬಲಿತು ಹೊರಬೀಳಲು ಸಮಯ ಬೇಕು. ಈ ಚಿತ್ರ ಹೇಳುವುದು ಅದನ್ನೇ. ಮತ್ತಾಯ 12:34ರಲ್ಲಿ ಯೇಸು ‘ಸರ್ಪಜಾತಿಯವರೇ’ ಎಂದ ಕೂಡಲೇ ಕೇಳುವ ಪ್ರಶ್ನೆಯೂ ಕೆಟ್ಟವರಾದ ನೀವು ಒಳ್ಳೆಯ ಮಾತನ್ನು ಆಡುವುದು ಹೇಗೆ ಎಂಬುದೇ.

ಆದಿಕಾಂಡದ 3ನೆಯ ಅಧ್ಯಾಯಕ್ಕೂ ಇದೇ ಬೀಗದ ಕೈ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಅಲ್ಲಿನ ಸರ್ಪವು ಯಾರನ್ನೂ ಕಚ್ಚುವುದಿಲ್ಲ. ಅದಕ್ಕೆ ವಿಷವಿತ್ತೆಂದೂ ಹೇಳಿಲ್ಲ, ಯುಕ್ತಿಯಿತ್ತೆಂದು ಮಾತ್ರ ಹೇಳಿದೆ. ದೇವರು ಹೀಗೆ ಹೇಳಿದ್ದು ನಿಜವೇ ಎಂದು ಅದು ಒಂದು ಪ್ರಶ್ನೆ ಕೇಳುತ್ತದೆ, ಅದರ ಕೆಲಸ ಅಷ್ಟರಲ್ಲೇ ಅರ್ಧ ಮುಗಿಯುತ್ತದೆ.

ಉತ್ತರ 3

ವಿಷ ಎಂದರೆ ಯಾವಾಗಲೂ ಕೆಡುಕು ಎಂದು ತೀರ್ಮಾನಿಸುವ ಮುನ್ನ ಒಂದು ಸೇರ್ಪಡೆ. ಆದಿಕಾಂಡ 49:17ರಲ್ಲಿ ಯಾಕೋಬನು ತನ್ನ ಮಗ ದಾನನನ್ನು ದಾರಿಯಲ್ಲಿರುವ ಹಾವಿಗೆ ಹೋಲಿಸುತ್ತಾನೆ; ಅದು ಕುದುರೆಯ ಹಿಮ್ಮಡಿಯನ್ನು ಕಚ್ಚಲು ಸವಾರನು ಹಿಂದಕ್ಕೆ ಬೀಳುತ್ತಾನೆ. ಆ ನಾಡಿನ ಮರುಭೂಮಿಯ ಕೊಂಬಿನ ಮಂಡಲವು ಮೈಯನ್ನು ಮರಳಿನಲ್ಲಿ ಹೂತುಕೊಂಡು, ಕಣ್ಣುಗಳನ್ನೂ ಅವುಗಳ ಮೇಲಿನ ಚಿಕ್ಕ ಕೊಂಬುಗಳನ್ನೂ ಮಾತ್ರ ಹೊರಗಿಟ್ಟು, ಬೇಟೆ ಹತ್ತಿರ ಬರುವ ತನಕ ಅಲುಗಾಡದೆ ಕಾಯುತ್ತದೆ. ಚಿಕ್ಕ ಕುಲವೊಂದು ಬಲಿಷ್ಠ ಅಶ್ವಬಲವನ್ನು ಕೆಡವುವ ಬಗೆಗೆ ಇದಕ್ಕಿಂತ ಒಪ್ಪುವ ಉಪಮೆ ಸಿಗುವುದು ಕಷ್ಟ. ಆ ಅಧ್ಯಾಯವು ಒಟ್ಟಾರೆ ತಂದೆಯ ಆಶೀರ್ವಾದವಾದ್ದರಿಂದ ಇಲ್ಲಿ ಹಾವು ಮೆಚ್ಚುಗೆಯ ಮಾತಾಗಿಯೇ ಬಂದಿದೆ ಎನ್ನಬಹುದು.

ಐಗುಪ್ತದ (ಈಜಿಪ್ಟಿನ) ಹಿನ್ನೆಲೆಯನ್ನೂ ಮರೆಯಬಾರದು. ಫರೋಹನ ಕಿರೀಟದ ಮುಂಭಾಗದಲ್ಲಿ ಹೆಡೆಯೆತ್ತಿದ ನಾಗರವಿರುತ್ತಿತ್ತು. ತುತಾಂಖಾಮನ್ನನ ಚಿನ್ನದ ಮುಖವಾಡದ ಹಣೆಯಲ್ಲಿ ಅದನ್ನು ಇಂದಿಗೂ ನೋಡಬಹುದು. ವಿಮೋಚನಕಾಂಡದ 4ನೆಯ ಅಧ್ಯಾಯದಲ್ಲಿ ಮೋಶೆಯ ಕೋಲು ಹಾವಾದಾಗ ದೇವರು ಅದನ್ನು ಬಾಲ ಹಿಡಿದು ಎತ್ತಲು ಹೇಳುತ್ತಾನೆ. ಬಾಲ ಹಿಡಿದರೆ ತಲೆ ತಿರುಗಿ ಕಚ್ಚಲು ಸ್ವತಂತ್ರವಾಗಿರುತ್ತದೆಂದು ಕುರುಬನಾಗಿದ್ದ ಮೋಶೆಗೆ ತಿಳಿಯದೇ ಇರಲಿಲ್ಲ. ಆದರೂ ಹಿಡಿದನು, ಅದು ಕೋಲಾಯಿತು. ಫರೋಹನ ಹಣೆಯ ಮೇಲಿನ ಭಯವು ಮೋಶೆಯ ಕೈಯ ಆಸರೆಯಾದದ್ದು ಹೀಗೆ.

ಪ್ರಾಕ್ತನಶಾಸ್ತ್ರದಲ್ಲಿ ಆಸಕ್ತಿಯಿರುವವರಿಗೆ: 1969ರಲ್ಲಿ ತಿಮ್ನಾ ಕಣಿವೆಯ ತಾಮ್ರದ ಗಣಿಗಳ ಬಳಿಯ ಪೂಜಾಸ್ಥಳವೊಂದರಲ್ಲಿ ಬೆನೊ ರೋಥೆನ್‌ಬರ್ಗ್ ಅವರ ತಂಡಕ್ಕೆ ತಲೆಗೆ ಚಿನ್ನದ ಲೇಪವಿದ್ದ ಸುಮಾರು 12 ಸೆಂಟಿಮೀಟರ್ ಉದ್ದದ ತಾಮ್ರದ ಹಾವು ದೊರೆಯಿತು. ಇದು ಮೋಶೆಯ ಸರ್ಪದ ಪುರಾವೆಯಲ್ಲ; ಲೋಹದ ಸರ್ಪವು ಆ ಪ್ರದೇಶದ ಜನರಿಗೆ ಅಪರಿಚಿತ ವಸ್ತುವಾಗಿರಲಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಉತ್ತರ 4

ಮೇಲಿನ ಮೂವರಿಗೂ ವಂದನೆಗಳು. ಆದರೆ ಸರ್ಪವೆಂದರೆ ಬರೀ ನಾಲಿಗೆ ಎಂದು ಹೇಳಿಬಿಟ್ಟರೆ ಪ್ರಕಟನೆ 12:9 ಮತ್ತು 20:2ರ ತೂಕ ಕಡಿಮೆಯಾಗುತ್ತದೆ ಎಂಬ ಆತಂಕ ನನಗಿದೆ. ಅಲ್ಲಿ ಸರ್ಪವೆಂಬುದು ಅಲಂಕಾರದ ಮಾತಲ್ಲ, ಲೋಕವನ್ನೆಲ್ಲ ಮರುಳುಗೊಳಿಸುವ ವೈರಿಯ ಹೆಸರು. ಆದಿಕಾಂಡವು ಸೈತಾನನ ಹೆಸರೆತ್ತುವುದಿಲ್ಲ, ಆ ಗುರುತಿಸುವಿಕೆ ನಂತರ ಬಂತು ಎಂಬುದನ್ನು ಒಪ್ಪುತ್ತೇನೆ. ನಂತರ ಬಂದದ್ದೆಂಬ ಕಾರಣಕ್ಕೆ ಅದು ಹೊರಗಿನದಾಗುವುದಿಲ್ಲ. ಅದೇ 12ನೆಯ ಅಧ್ಯಾಯದಲ್ಲಿ ಸರ್ಪವು ಸ್ತ್ರೀಯನ್ನು ಕೊಚ್ಚಿಕೊಂಡು ಹೋಗಲೆಂದು ತನ್ನ ಬಾಯಿಂದ ನದಿಯಂತೆ ನೀರನ್ನು ಬಿಡುತ್ತದೆ ಎಂಬುದನ್ನೂ ನೋಡಿ. ಈ ವಿವರ ಎರಡನೆಯ ಉತ್ತರ ಬರೆದವರ ವಾದಕ್ಕೇ ಬಲ ಕೊಡುತ್ತದೆಯೆಂದು ಬರೆಯುವಾಗ ನನಗೂ ಹೊಳೆಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಾವುಗಳನ್ನು ತೊಲಗಿಸದೆ ಔಷಧ ಕೊಟ್ಟ ಸಂಗತಿಯನ್ನು ನಾನು ಗಮನಿಸಿಯೇ ಇರಲಿಲ್ಲ. ಇನ್ನೊಂದು ಸಂದೇಹವಿದೆ. ಮಾರ್ಕ 16:18ರಲ್ಲಿ ನಂಬುವವರು ಹಾವುಗಳನ್ನು ಎತ್ತುವರು ಎಂದಿದೆ. ಇದನ್ನು ಸಂಕೇತವೆಂದು ಓದಬೇಕೇ, ಅಥವಾ ಅಕ್ಷರಶಃ ಪಾಲಿಸಬೇಕಾದ ಮಾತೆಂದೇ?

ಉತ್ತರ 5

ಪಾಲಿಸಬೇಕಾದ ಆಜ್ಞೆಯೆಂದು ಖಂಡಿತ ಓದಬಾರದು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಬೈಬಲ್ಲಿನ ಹಳೆಯ ಗ್ರೀಕ್ ಪ್ರತಿಗಳಾದ 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಅವುಗಳನ್ನು ಮೂಲದವೆಂದೇ ಒಪ್ಪಿದರೂ ಅದು ವಾಗ್ದಾನದ ಮಾತೇ ಹೊರತು, ಹೋಗಿ ಹಾವು ಹಿಡಿಯಿರಿ ಎಂಬ ಅಪ್ಪಣೆಯಲ್ಲ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕೆಲವು ಸಭೆಗಳು ಅದನ್ನು ಆಜ್ಞೆಯೆಂದೇ ತೆಗೆದುಕೊಂಡು ಆರಾಧನೆಯಲ್ಲಿ ವಿಷದ ಹಾವುಗಳನ್ನು ಎತ್ತಿ ಹಿಡಿಯುತ್ತವೆ. ಆ ಪದ್ಧತಿಯನ್ನು ಹರಡಿದವರಲ್ಲಿ ಪ್ರಮುಖನಾದ ಜಾರ್ಜ್ ಹೆನ್ಸ್ಲಿ 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡನು.

ಅಪೊಸ್ತಲರ ಕೃತ್ಯಗಳು 28ನ್ನು ಇದರ ಪಕ್ಕದಲ್ಲಿಟ್ಟು ಓದಿ. ಹಡಗು ಒಡೆದು ಮೆಲೀತೆ (ಇಂದಿನ ಮಾಲ್ಟಾ) ದ್ವೀಪಕ್ಕೆ ಬಂದ ಪೌಲನು ಚಳಿಗೆ ಕಟ್ಟಿಗೆ ಕೂಡಿಸಿ ಬೆಂಕಿಗೆ ಹಾಕುವಾಗ, ಬಿಸಿಗೆ ಹೊರಬಂದ ಹಾವು ಅವನ ಕೈಯನ್ನು ಕಚ್ಚಿ ಹಿಡಿಯುತ್ತದೆ. ದ್ವೀಪದವರು ಮೊದಲು ಇವನು ಕೊಲೆಗಾರನೇ ಇರಬೇಕು ಎನ್ನುತ್ತಾರೆ. ಅವನ ಮೈ ಬಾಯಲೂ ಇಲ್ಲ, ಅವನು ಸತ್ತು ಬೀಳಲೂ ಇಲ್ಲವೆಂದು ಕಂಡ ಮೇಲೆ ಇವನೊಬ್ಬ ದೇವರು ಎನ್ನುತ್ತಾರೆ. ಎರಡೂ ತಪ್ಪು ಓದುಗಳೇ. ಪೌಲನು ಹಾವನ್ನು ಹುಡುಕಿಕೊಂಡು ಹೋಗಲಿಲ್ಲ, ಹಿಡಿದು ಪ್ರದರ್ಶಿಸಲೂ ಇಲ್ಲ. ಅದನ್ನು ಬೆಂಕಿಗೆ ಜಾಡಿಸಿದನು. ಆ ಗ್ರಂಥವನ್ನು ಬರೆದ ಲೂಕನು ಆ ಸಂದರ್ಭದಲ್ಲಿ ಅವನ ಬಾಯಿಂದ ಒಂದು ಮಾತನ್ನೂ ಆಡಿಸುವುದಿಲ್ಲ.

ನಿಮ್ಮ ಸಂದೇಹಕ್ಕೆ ನೇರವಾದ ಉತ್ತರ ಯೇಸುವಿನ ಶೋಧನೆಯ ಪ್ರಸಂಗದಲ್ಲಿದೆ. ದೇವಾಲಯದ ಶಿಖರದಿಂದ ಕೆಳಕ್ಕೆ ಧುಮುಕು ಎಂದು ಪ್ರೇರೇಪಿಸುವ ಸೈತಾನನು, ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂಬ 91ನೆಯ ಕೀರ್ತನೆಯ 11 ಮತ್ತು 12ನೆಯ ವಚನಗಳನ್ನು ಉಲ್ಲೇಖಿಸಿ ಅಲ್ಲಿಗೇ ನಿಲ್ಲಿಸುತ್ತಾನೆ. ಸಿಂಹವನ್ನೂ ಸರ್ಪವನ್ನೂ ತುಳಿದುಬಿಡುವಿ ಎಂಬುದು ಅದರ ಮುಂದಿನ ವಚನ; ಅದನ್ನು ಅವನು ಏಕೆ ಬಿಟ್ಟನೆಂದು ನೀವೇ ಊಹಿಸಬಹುದು. ಯೇಸು ಕೊಟ್ಟ ಉತ್ತರ ಧರ್ಮೋಪದೇಶಕಾಂಡದ ಮಾತು: ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು. ಹಾವನ್ನು ಕೈಗೆತ್ತಿಕೊಂಡು ವಿಶ್ವಾಸವನ್ನು ಸಾಬೀತುಪಡಿಸಲು ಹೊರಡುವವರಿಗೂ ಅದೇ ಉತ್ತರ ಸಲ್ಲುತ್ತದೆ.