ಭಾಗ್ಯನಗರದ ಬಾಡಿಗೆ ಮನೆಗೆ ಫೈಬರ್ ತಂತಿಯೋ, ತಾರಸಿಯ 5ಜಿ ಡಬ್ಬಿಯೋ?

ಪ್ರಶ್ನೆ (ಭಾಗ್ಯನಗರ, ಕೊಪ್ಪಳ):

ನಮಸ್ಕಾರ. ನಾವು ಭಾಗ್ಯನಗರದ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿದ್ದೇವೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ದಿನಕ್ಕೆ ಮೂರ್ನಾಲ್ಕು ವಿಡಿಯೋ ಸಭೆಗಳಿರುತ್ತವೆ, ಸಂಜೆ ದೊಡ್ಡ ಫೈಲುಗಳನ್ನು ಕಳುಹಿಸಬೇಕಾಗುತ್ತದೆ. ಮಗಳು ನೀಟ್‌ ಪಾಠಗಳನ್ನು ನೋಡುತ್ತಾಳೆ, ರಾತ್ರಿ ಅಮ್ಮನಿಗೆ ಧಾರಾವಾಹಿ ತಪ್ಪಬಾರದು. ಇಷ್ಟು ದಿನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ದಿನ ದೂಡಿದೆವು, ಇನ್ನು ಆಗುವುದಿಲ್ಲ. ಫೈಬರ್ ಇಂಟರ್ನೆಟ್ ಬೇಕೆಂದರೆ ಬೀದಿಯ ಕೊನೆಯ ಕಂಬದಿಂದ ಸುಮಾರು ಎಪ್ಪತ್ತು ಮೀಟರ್ ತಂತಿ ಎಳೆಯಬೇಕು, ಅದಕ್ಕೆ ಹತ್ತು ದಿನವಾದರೂ ಬೇಕು ಎನ್ನುತ್ತಾರೆ. ಟವರ್‌ನ ಸಿಗ್ನಲ್ ಹಿಡಿದು ಮನೆಗೆ ಇಂಟರ್ನೆಟ್ ಕೊಡುವ 5ಜಿ ಡಬ್ಬಿಯವರಾದರೆ ನಾಳೆಯೇ ತಾರಸಿಯ ಮೇಲೆ ಹಾಕಿಕೊಡುವುದಾಗಿ ಹೇಳಿದ್ದಾರೆ. ಎರಡರ ತಿಂಗಳ ಶುಲ್ಕವೂ ಹೆಚ್ಚುಕಡಿಮೆ ಒಂದೇ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಗದಗ ರಸ್ತೆ):

ನಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ಫೈಬರ್ ಇದೆ. ಅದು ಇದ್ದಾಗ ಇದೆಯೆಂಬುದೇ ಮರೆತುಹೋಗುತ್ತದೆ, ಹೋದಾಗ ಮಾತ್ರ ಪೂರ್ತಿ ಹೋಗುತ್ತದೆ. ಕಳೆದ ವರ್ಷ ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ತಂತಿಯನ್ನು ಕಿತ್ತು ಹಾಕಿದಾಗ ನಾಲ್ಕು ದಿನ ಮನೆಯೊಳಗಿನ ಫೈಬರ್ ಡಬ್ಬಿಯ ಮೇಲಿನ ಕೆಂಪು ದೀಪವನ್ನೇ ನೋಡುತ್ತ ಕೂತಿದ್ದೆವು. ಇನ್ನೊಮ್ಮೆ ಗುಡ್ಡದಿಂದ ಇಳಿದ ಮಂಗಗಳು ಕಂಬದಿಂದ ಕಂಬಕ್ಕೆ ತಂತಿ ಹಿಡಿದೇ ಜೋತಾಡಿ ಹೋದವು. ಅವುಗಳ ಮೇಲೆ ದೂರು ಕೊಡಲಾಗದು. ಅಂದು ರಿಪೇರಿಗೆ ಬಂದ ಹುಡುಗ ನಮ್ಮ ಮೆಟ್ಟಿಲ ಮೇಲೆಯೇ ಯಂತ್ರ ಇಟ್ಟುಕೊಂಡು ಕೂತ. ಕೂದಲೆಳೆಯಂಥ ಗಾಜಿನ ಎರಡು ತುದಿಗಳು ಪುಟ್ಟ ಪರದೆಯ ಮೇಲೆ ಎದುರುಬದುರಾಗಿ ಬಂದು, ಒಂದು ಕಿಡಿಯಲ್ಲಿ ಕರಗಿ ಒಂದಾದದ್ದನ್ನು ಮಗನೂ ನಾನೂ ನೋಡಿದೆವು. ಕೊನೆಗೆ ತಂತಿಯಲ್ಲಿ ಬರುವ ಬೆಳಕಿನ ಬಲ ಅಳೆಯುವ ಮೀಟರ್ ಹಚ್ಚಿ ‘ಮೈನಸ್ ಹತ್ತೊಂಬತ್ತು’ ಎಂದು ತೋರಿಸಿದ. ಆ ಅಂಕಿ ಮೈನಸ್ ಇಪ್ಪತ್ತೇಳರ ಆಚೆ ಜಾರಿದರೆ ಸಂಪರ್ಕ ಕೈಕೊಡತೊಡಗುತ್ತದೆ. ಆದ್ದರಿಂದ ನಿಮ್ಮ ಮನೆಗೆ ತಂತಿ ಹಾಕಿದ ದಿನವೇ ಅದನ್ನು ಅಳತೆ ಮಾಡಿಸಿ ಬರೆದಿಟ್ಟುಕೊಳ್ಳಿ.

ಉತ್ತರ 2 (ಗವಿಮಠದ ಹತ್ತಿರ):

ನಮ್ಮದು 5ಜಿ ಡಬ್ಬಿ, ಹನ್ನೊಂದು ತಿಂಗಳಾಯಿತು. ನಮ್ಮ ಓಣಿಗೆ ಯಾರೂ ತಂತಿ ಎಳೆಯಲು ಒಪ್ಪದ ಕಾರಣ ಆಯ್ಕೆಯ ಪ್ರಶ್ನೆಯೇ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಅಳೆದರೆ 180 ಎಂಬಿಪಿಎಸ್ ಬರುವುದು ರಾತ್ರಿ ಒಂಬತ್ತಕ್ಕೆ ನಲವತ್ತಕ್ಕೆ ಇಳಿಯುತ್ತದೆ. ಮನೆಯವರಿಗೆ ಅಷ್ಟು ಸಾಕು. ಆದರೆ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರಿದಾಗ, ಅವರೆಲ್ಲರ ಮೊಬೈಲುಗಳೂ ನಮ್ಮ ಡಬ್ಬಿ ನೋಡುವ ಟವರ್‌ಗಳನ್ನೇ ಹಿಡಿಯುತ್ತವೆ. ರಥೋತ್ಸವದ ಸಂಜೆ ನನ್ನ ಸಂದೇಶವೊಂದು ಹೋಗಲು ಅರ್ಧ ಗಂಟೆ ಬೇಕಾಯಿತು. ನಮ್ಮಲ್ಲಿ ಬಂಡೆಗಲ್ಲಿನ ಗುಡ್ಡಗಳು ಎಲ್ಲ ದಿಕ್ಕಿಗೂ ಇರುವುದರಿಂದ ಡಬ್ಬಿಯನ್ನು ಎಲ್ಲಿ, ಯಾವ ಕಡೆಗೆ ಮುಖ ಮಾಡಿ ಕೂರಿಸುತ್ತಾರೆ ಎಂಬುದೂ ಮುಖ್ಯ. ನಮ್ಮದನ್ನು ನೀರಿನ ಟ್ಯಾಂಕಿನ ಹಿಂದಿನಿಂದ ಮುಂದಕ್ಕೆ ತಂದ ಮೇಲೆಯೇ ವೇಗ ನೆಟ್ಟಗಾದದ್ದು. ಮನೆ ಬದಲಿಸುವಾಗ ಬಿಚ್ಚಿಕೊಂಡು ಹೋಗಬಹುದು ಎಂಬ ಒಂದು ಅನುಕೂಲವನ್ನು ಬಾಡಿಗೆಯಲ್ಲಿರುವ ನೀವು ಮರೆಯಬೇಡಿ. ಹೊಸ ಜಾಗದಲ್ಲಿ ಸಿಗ್ನಲ್ ಇದೆಯೇ ಎಂದು ಮೊದಲೇ ಕೇಳಿಕೊಂಡರಾಯಿತು.

ಉತ್ತರ 3 (ನೆಟ್‌ವರ್ಕ್ ಕೆಲಸದಲ್ಲಿರುವವರು):

ಫೈಬರ್, 5ಜಿ ಎರಡರಲ್ಲೂ ಸಾಮರ್ಥ್ಯವನ್ನು ಇತರರೊಂದಿಗೆ ಹಂಚಿಕೊಳ್ಳುವುದು ಇದ್ದೇ ಇದೆ. ಮನೆಗಳಿಗೆ ಬರುವ ಸಾಮಾನ್ಯ ಫೈಬರ್‌ನಲ್ಲಿ, ಅಂದರೆ ಜಿಪಾನ್ ಬಗೆಯಲ್ಲಿ, ಒಂದು ಎಳೆ ಇಳಿಕೆಗೆ (ಡೌನ್‌ಲೋಡ್) ಸುಮಾರು 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್, ಏರಿಕೆಗೆ (ಅಪ್‌ಲೋಡ್) ಸುಮಾರು 1.25 ಜಿಬಿಪಿಎಸ್ ಹೊರುತ್ತದೆ. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಹಂಚಿಕೊಳ್ಳುವವರು ಎಷ್ಟು ಮನೆಯವರು ಎಂಬುದು ಅಲ್ಲಿ ಗೊತ್ತಿರುತ್ತದೆ, ಟವರ್‌ಗೆ ಬರುವವರ ಲೆಕ್ಕ ಹಾಗಲ್ಲ. ಅದಕ್ಕಿಂತ ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಅಪ್‌ಲೋಡ್. 5ಜಿಯ ಮುಖ್ಯ ತರಂಗಪಟ್ಟಿಯಲ್ಲಿ ಇಳಿಕೆಗೂ ಏರಿಕೆಗೂ ಒಂದೇ ಹಾದಿಯನ್ನು ಸಮಯ ಹಂಚಿ ಬಳಸುತ್ತಾರೆ, ಹೆಚ್ಚಿನ ಪಾಲು ಇಳಿಕೆಗೇ ಹೋಗುತ್ತದೆ. ಜಾಹೀರಾತಿನ ನೂರು ಎಂಬಿಪಿಎಸ್ ನೋಡಿ ಒಪ್ಪಿಕೊಂಡವರು ಸಭೆಯಲ್ಲಿ ತಮ್ಮ ಮುಖ ಕಲ್ಲಾಗಿ ನಿಂತಾಗ ಪೇಚಾಡುವುದು ಇದಕ್ಕೇ.

ಇನ್ನೊಂದು ಮಾತು. ಜನ ‘ನೆಟ್ ಸರಿಯಿಲ್ಲ’ ಎಂದು ದೂರುವಾಗ ಅನೇಕ ಸಲ ತಪ್ಪು ಹೊರಗಿನ ಸಂಪರ್ಕದ್ದಲ್ಲ, ಒಳಗಿನ ವೈಫೈಯದು. ನಮ್ಮ ಕಡೆಯ ದಪ್ಪ ಕಲ್ಲಿನ ಗೋಡೆಗಳನ್ನು ದಾಟುವುದರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾಗಿಯಾದರೂ ದಾಟುತ್ತದೆ. ಕೆಲಸದ ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ನೇರವಾಗಿ ಲ್ಯಾನ್ ತಂತಿ ಹಾಕಿ. ಫೈಬರ್‌ಗೆ ಕರೆಂಟ್ ಬೇಕಿಲ್ಲ ಎಂಬ ತಪ್ಪು ತಿಳಿವಳಿಕೆಯೂ ಇದೆ: ಗಾಜಿನ ಎಳೆಗೆ ಬೇಡ, ಆದರೆ ಮನೆಯೊಳಗಿನ ಡಬ್ಬಿಗೆ ಬೇಕು. ಅದು 12 ವೋಲ್ಟಿನದಾದರೆ ಚಿಕ್ಕ ಯುಪಿಎಸ್ ಒಂದೆರಡು ಗಂಟೆ ನಡೆಸುತ್ತದೆ. ಡೇಟಾ ಮಿತಿಯನ್ನೂ ಕೇಳಿಕೊಳ್ಳಿ. ‘ಅನಿಯಮಿತ’ ಎಂದು ಬರೆದಿದ್ದರೂ ತಿಂಗಳಿಗೆ ಇಂತಿಷ್ಟು ಜಿಬಿ ಎಂಬ ಷರತ್ತು ಸಣ್ಣ ಅಕ್ಷರಗಳಲ್ಲಿರುತ್ತದೆ, ನಾನು ನೋಡಿದ ಯೋಜನೆಗಳಲ್ಲಿ ವೈರ್‌ಲೆಸ್‌ನ ಮಿತಿ ಫೈಬರ್‌ಗಿಂತ ಕಡಿಮೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಒಂಬತ್ತಕ್ಕೆ ಅದೇ ಕಂಪನಿಯ 5ಜಿ ಸಿಮ್ ಹಾಕಿದ ಮೊಬೈಲನ್ನು ತಾರಸಿಗೆ ಒಯ್ದು ಅಳೆದೆ. ಡೌನ್‌ಲೋಡ್ 62, ಅಪ್‌ಲೋಡ್ 4 ಬಂತು. ಆಮೇಲೆ ಎದುರುಮನೆಯವರ ಫೈಬರ್ ಅನ್ನು ಅದೇ ಹೊತ್ತಿಗೆ ನೋಡಿದೆ, ಡೌನ್‌ಲೋಡ್, ಅಪ್‌ಲೋಡ್ ಎರಡೂ ನೂರಕ್ಕೆ ಹತ್ತಿರವಿತ್ತು. ಹತ್ತು ದಿನ ಕಾಯುವುದೆಂದು ತೀರ್ಮಾನಿಸಿದ್ದೇನೆ. ತಂತಿ ತುಂಡಾದ ದಿನಕ್ಕೆ ಹಾಟ್‌ಸ್ಪಾಟ್ ಇದ್ದೇ ಇದೆ. ಮನೆ ಮಾಲೀಕರು ಮಾತ್ರ ಹೊಸದಾಗಿ ಬಣ್ಣ ಹೊಡೆಸಿದ ಮುಂಗೋಡೆಗೆ ತೂತು ಬೇಡವೆಂದಿದ್ದಾರೆ, ಹಾಗಾಗಿ ತಂತಿ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರಲಿದೆ.